ಒಂಬತ್ತು ಆಲ್ಬಂ, ಒಂಬತ್ತು ಆರತಿ ತಟ್ಟೆ

ಪದ್ಮನಾಭಯ್ಯನವರಿಗೆ ಕೋಪ ಬಂದರೆ ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಅಲ್ಲಿ ಒಂದು ಕೆಂಪು ಪೆನ್ನು ಇರುತ್ತಿತ್ತು. ಮಾಗಡಿ ರಸ್ತೆಯ ಒಂದು ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿ ನಿವೃತ್ತರಾದವರು ಅವರು. ಕೆಲಸ ಹೋದರೂ ಪೆನ್ನು ಹೋಗಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮೊದಲು ತಿದ್ದಿ, ಆಮೇಲೆ ಯಾರ ಮದುವೆ ಎಂದು ನೋಡುತ್ತಿದ್ದರು. ದೇವಸ್ಥಾನದ ಸೇವಾಪಟ್ಟಿಯ ಬೋರ್ಡನ್ನೂ ಬಿಟ್ಟಿರಲಿಲ್ಲ. ಅರ್ಚಕರು ನೋಡಿಯೂ ನೋಡದಂತೆ ಇದ್ದರು. ದೇವರೂ ಹಾಗೇ ಇದ್ದಿರಬೇಕು. ಇಂಥ ಕೋಪಿಷ್ಠರನ್ನು ಸೃಷ್ಟಿಸಿದ ಭಗವಂತನು ಅವರಿಗೆ ತಪ್ಪುಗಳ ಕೊರತೆ ಬಾರದಂತೆಯೂ ನೋಡಿಕೊಳ್ಳುತ್ತಾನೆ. ಅವನ ಕರುಣೆ ದೊಡ್ಡದು.

ಈ ಕಥೆಯ ತಪ್ಪು ಭಾದ್ರಪದದ ಒಂದು ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಬಂತು. ಬಸವೇಶ್ವರನಗರದ ಅವರ ಅಡ್ಡರಸ್ತೆಗೆ ಒಂದು ನಿವಾಸಿಗಳ ಸಂಘ, ಸಂಘಕ್ಕೊಂದು ವಾಟ್ಸ್ಯಾಪ್ ಗುಂಪು, ಗುಂಪಿಗೊಬ್ಬ ಕಾರ್ಯದರ್ಶಿ, ಶಂಭುಲಿಂಗಪ್ಪನವರು. ಮೂಲೆಯ ಪಿಜಿಯ ಹುಡುಗರು ಜೋರಾಗಿ ಹಾಡು ಹಾಕುತ್ತಾರೆಂದು ದೂರು ಬಂದಿತ್ತು. ಶಂಭುಲಿಂಗಪ್ಪನವರು ಗುಂಪಿನಲ್ಲಿ ಹೀಗೆ ಬರೆದರು: "ಇಂಗ್ಲಿಷ್ ಸಂಗೀತ ಎಂಬುದು ಬರೀ ಅಬ್ಬರ. ನಮ್ಮ ರಸ್ತೆಯ ಹಿರಿಯರು ಯಾರೂ ಅದನ್ನು ಕೇಳಿ ಬೆಳೆದವರಲ್ಲ. ಕೇಳಿದ್ದರೂ ಅರ್ಥವಾಗುತ್ತಿರಲಿಲ್ಲ."

ಮೊದಲ ಎರಡು ವಾಕ್ಯಗಳನ್ನು ಪದ್ಮನಾಭಯ್ಯನವರು ಕ್ಷಮಿಸಿದರು. ಮೂರನೆಯದನ್ನು ಕ್ಷಮಿಸಲಾಗಲಿಲ್ಲ. ಕೈ ಜೇಬಿಗೆ ಹೋಯಿತು. ಫೋನಿನ ಗಾಜಿನ ಮೇಲೆ ಪೆನ್ನು ನಡೆಯದು ಎಂಬುದು ನೆನಪಾಗಿ, ಒಂದೇ ಬೆರಳಿನಲ್ಲಿ ಒಂದೂವರೆ ಗಂಟೆ ಕುಟ್ಟಿದರು. ಕುಟ್ಟಿದ್ದು ಇದು: "೧೯೭೬ರಿಂದ ೮೦ರವರೆಗಿನ ನನ್ನ ಮೆಚ್ಚಿನ ಒಂಬತ್ತು ರಾಕ್ ಮತ್ತು ಪಾಪ್ ಆಲ್ಬಂಗಳು." ಮೊದಲನೆಯದು ಕಾಪರ್ ಲ್ಯಾಂಟರ್ನ್ಸ್ ಎಂಬ ತಂಡದ್ದು, ೧೯೭೭. ಎರಡನೆಯದು ಟಿನ್ ಹಾರ್ಸ್ ಪರೇಡ್, ೧೯೭೮, 'ಡ್ರಮ್ಮಿನ ಪೆಟ್ಟಿಗೆ ಎದೆ ಗೂಡು ಬಿಡುತ್ತದೆ.' ಮೂರನೆಯದು ವೈಲೆಟ್ ಬಾರ್ಜ್, ೧೯೭೯, 'ವಿರಹವೆಂದರೆ ಇದು.' ಹೀಗೆ ಒಂಬತ್ತು. ಕೊನೆಗೆ, ಕಾಗದದ ಅಡಿಯಲ್ಲಿ ಸಹಿ ಹಾಕುವವರ ಹಾಗೆ, "ಇವೆಲ್ಲವೂ ನನ್ನ ಬಳಿ ಇವೆ. ಪ್ರತಿಯೊಂದನ್ನೂ ನೂರಾರು ಸಲ ಕೇಳಿದ್ದೇನೆ. ಅರ್ಥವೂ ಆಗಿದೆ" ಎಂದು ಸೇರಿಸಿದರು.

ಈ ಕೊನೆಯ ಸಾಲಿನಲ್ಲಿ ಮೊದಲನೆಯ ಮಾತು ಅವರು ತಿಳಿದ ಮಟ್ಟಿಗೆ ನಿಜ, ಮೂರನೆಯದು ಹೆಚ್ಚುಕಡಿಮೆ ನಿಜ. ನಡುವಿನದು ಸುಳ್ಳು. ಪದ್ಮನಾಭಯ್ಯನವರು ಆ ಒಂಬತ್ತರಲ್ಲಿ ಒಂದನ್ನೂ, ಒಂದು ಸಲವೂ, ಕೇಳಿರಲಿಲ್ಲ.

ಅದು ಹೇಗೆಂದರೆ, ಇಪ್ಪತ್ತೊಂದರ ಪ್ರಾಯದಲ್ಲಿ ಅವರು ಬಿನ್ನಿಪೇಟೆಯ ಮಿಲ್ಲಿನ ಮನೆಗಳಲ್ಲಿದ್ದರು. ತಂದೆ ಮಿಲ್ಲಿನಲ್ಲಿ ನೇಯುವವರು, ಶನಿವಾರ ಭಜನೆ ಮಂಡಳಿಯಲ್ಲಿ ತಾಳ ಹಾಕುವವರು. ಮುದ್ರಣಾಲಯದ ಮೊದಲ ಸಂಬಳ ಬಂದಾಗ ಮಗ ಸೈಕಲ್ ತುಳಿದು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಗೆ ಹೋದ. ಅಲ್ಲಿ ಫುಟ್‌ಪಾತಿನ ಮೇಲೆ ಒಬ್ಬ ಹಳೆಯ ರೆಕಾರ್ಡು ಹರಡಿಕೊಂಡಿದ್ದ. ಮೇಲಿನ ಚಿತ್ರಗಳ ಅಂದಕ್ಕೆ ಮರುಳಾಗಿ ಒಂದು ಕೊಂಡ. ಮೂರು ವರ್ಷದಲ್ಲಿ ಒಂಬತ್ತು ಆದವು. ಹಾಕಿ ಕೇಳಲು ಯಂತ್ರ ಇರಲಿಲ್ಲ. ಒಳಗಿನ ಹಾಳೆಯಲ್ಲಿ ಹಾಡುಗಳ ಸಾಲುಗಳು ಅಚ್ಚಾಗಿದ್ದವು. ಅವನ್ನು ಓದಿದ, ಹನ್ನೊಂದು ಅಚ್ಚಿನ ತಪ್ಪು ಹಿಡಿದು ತಿದ್ದಿದ, ಬಾಯಿಪಾಠ ಮಾಡಿದ. ಬಾಯಿಗೆ ಬಂದ ಸಾಲು ಸುಮ್ಮನಿರುತ್ತದೆಯೇ? ಧಾಟಿ ಬೇಡಿತು. ತಿಳಿದಿದ್ದುದು ಶನಿವಾರದ ಭಜನೆಯೊಂದೇ ಆದ್ದರಿಂದ ಅಲ್ಲಿಂದ ಇಲ್ಲಿಂದ ಎಳೆ ತೆಗೆದು ಒಂಬತ್ತು ಆಲ್ಬಮ್ಮಿನ ಅಷ್ಟೂ ಹಾಡಿಗೆ ತಾನೇ ಧಾಟಿ ಕಟ್ಟಿದ. ಅಂದಿನಿಂದ ಪ್ರತಿದಿನ ಬಚ್ಚಲಲ್ಲಿ ಹಾಡುತ್ತ ಬಂದ. ಹುಡುಗ ಪದ್ಮನಾಭಯ್ಯನವರಾದರು, ಮದುವೆಯಾಯಿತು, ಮಕ್ಕಳಾದವು, ಬಚ್ಚಲಿಗೆ ಗೀಸರ್ ಬಂತು, ಧಾಟಿ ಬದಲಾಗಲಿಲ್ಲ.

ಯಂತ್ರ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲು ಕೈಯಲ್ಲಿ ಕಾಸಿರಲಿಲ್ಲ. ಕಾಸು ಬಂದಾಗ ಅಂಗಡಿಯಲ್ಲಿ ಯಂತ್ರವಿರಲಿಲ್ಲ. ಯಂತ್ರ ಮತ್ತೆ ಅಂಗಡಿಗೆ ಬರುವ ಹೊತ್ತಿಗೆ 'ಮದುವೆಗೆ ಮುಂಚೆ ಕೇಳಿ ಕೇಳಿ ಸವೆಸಿದ್ದೇನೆ' ಎಂಬ ಸುಳ್ಳು ಮೂವತ್ತು ವರ್ಷ ಹಳೆಯದಾಗಿತ್ತು. ಈಗ ಕೊಂಡರೆ ಸಿಕ್ಕಿಬೀಳಬೇಕು. ಫೋನಿನಲ್ಲಿ ಸಿಗಬಹುದೇನೋ ಎಂದು ಒಮ್ಮೆ ಹುಡುಕಲು ಹೊರಟು ಬೆರಳು ಹಿಂದೆ ತೆಗೆದರು. ನಲವತ್ತು ವರ್ಷ ಕಾದ ದರ್ಶನವನ್ನು ಹಿಡಿಗಾತ್ರದ ಗಾಜಿನಲ್ಲಿ ಮಾಡಿಕೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ.

ಪಟ್ಟಿ ಹಾಕಿದ ಹತ್ತೇ ನಿಮಿಷಕ್ಕೆ ಫೋನು ಬಡಿದುಕೊಂಡಿತು. ಎದುರು ಸಾಲಿನ ಸ್ಮೃತಿ. ವಿಜಯನಗರದಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಹುಡುಗಿ.

"ಅಂಕಲ್, ಸೀರಿಯಸ್ಸಾ? ಒಂಬತ್ತೂ ಇದ್ಯಾ? ನನ್ನ ಅಂಗಡೀಲಿ ರೆಕಾರ್ಡ್ ಪ್ಲೇಯರ್ ಇದೆ ಅಂಕಲ್. ಈ ಸಂಡೇ ಬೆಳಿಗ್ಗೆ ಹತ್ತಕ್ಕೆ ಒಂದು ಪ್ರೋಗ್ರಾಮ್ ಮಾಡೋಣ. ನೀವು ಒಂದೊಂದೇ ಹಾಕಿ, ಒಂದೊಂದರ ಬಗ್ಗೆ ಹೇಳಿ. ಪೋಸ್ಟರ್ ಮಾಡ್ಬಿಡ್ಲಾ?"

ಪದ್ಮನಾಭಯ್ಯನವರ ಎದೆ ನಿಜವಾಗಿಯೇ ಗೂಡು ಬಿಟ್ಟಿತು. ಸುಳ್ಳು ಹೊರಗೆ ಬೀಳುವ ಭಯಕ್ಕಿಂತ ದೊಡ್ಡದೊಂದು ಆಸೆ ಒಳಗೆ ಎದ್ದು ಕುಳಿತಿತು. ಭಾನುವಾರ. ಹತ್ತು ಗಂಟೆ. ಅರವತ್ತೆಂಟನೆಯ ವಯಸ್ಸಿನಲ್ಲಿ, ಕಡೆಗೂ, ಅವರು ತಮ್ಮ ಮೆಚ್ಚಿನ ಹಾಡುಗಳನ್ನು ಕೇಳಬಹುದು. ಯಾರಿಗೂ ತಿಳಿಯದ ಹಾಗೆ, ನೂರಾರು ಸಲ ಕೇಳಿದವರ ಮುಖ ಹೊತ್ತು.

"ಮಾಡಮ್ಮ" ಎಂದರು.

ಅರ್ಧ ಗಂಟೆಯಲ್ಲಿ ಪೋಸ್ಟರ್ ಗುಂಪಿಗೆ ಬಂತು. ಕೆಳಗೆ ಶಂಭುಲಿಂಗಪ್ಪನವರು ಬರೆದರು: "ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಪ್ರಶ್ನೆ ಕೇಳಲು ಅವಕಾಶವಿರಲಿ."

ಪದ್ಮನಾಭಯ್ಯನವರು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಮಂಚದ ಕೆಳಗಿನ ಟ್ರಂಕು ಎಳೆದರು. ಒಂಬತ್ತು ಚಿತ್ರದ ಹೊದಿಕೆಗಳು ಒಂದರ ಮೇಲೊಂದು ಇದ್ದವು. ಕಾಪರ್ ಲ್ಯಾಂಟರ್ನ್ಸ್ ಎತ್ತಿದರು. ಹಗುರ ಅನ್ನಿಸಿತು. ಒಳಗೆ ಕೈ ಹಾಕಿದರೆ ಬಂದದ್ದು ಸೀರೆ ಡಬ್ಬಿಯ ರಟ್ಟು. ಟಿನ್ ಹಾರ್ಸಿನಲ್ಲೂ ರಟ್ಟು. ವೈಲೆಟ್ ಬಾರ್ಜಿನಲ್ಲಿ ಹೋದ ವರ್ಷದ ಕ್ಯಾಲೆಂಡರು.

"ಪುಟ್ಟೂ" ಎಂದು ಕೂಗಿದರು. ಮೂರು ಮನೆಯಾಚೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರು ತಿರುಗಿ ನೋಡಿದರು.

ಹೆಂಡತಿ ಪುಟ್ಟಲಕ್ಷ್ಮಿ ಒಗ್ಗರಣೆ ಸೌಟಿನೊಂದಿಗೆ ಬಂದರು. "ಏನ್ರೀ, ಹಾವು ಕಂಡವರ ಹಾಗೆ?"

"ಇದರೊಳಗಿನ ಪ್ಲೇಟು ಎಲ್ಲಿ?"

"ಓ ಅದಾ. ತಟ್ಟೆ ಮಾಡಿದೆ."

"ಏನು ಮಾಡಿದೆ?"

"ಆರತಿ ತಟ್ಟೆ. ವರಮಹಾಲಕ್ಷ್ಮಿಗೆ ತಾಂಬೂಲದ ಜೊತೆ ಕೊಡೋಕೆ ಏನಾದರೂ ಬೇಕಲ್ಲ. ಎಲ್ಲರೂ ಸ್ಟೀಲ್ ಬಟ್ಟಲು ಕೊಡ್ತಾರೆ. ಇದು ಗುಂಡಗೆ, ಕಪ್ಪಗೆ, ಚೆನ್ನಾಗಿತ್ತು. ಒಂದು ಮಗ್ಗುಲಿಗೆ ತಾವರೆ ಬರೆದು ಅಂಚಿಗೆ ಕುಂದನ್ ಕಲ್ಲು ಅಂಟಿಸಿದೆ. ನಡುವೆ ತೂತು ಬೇರೆ ಇತ್ತು, ಊದಬತ್ತಿ ನಿಲ್ಲಿಸೋಕೆ ಅನುಕೂಲ. ಒಂಬತ್ತು ಜನ ಮುತ್ತೈದೆಯರು, ಒಂಬತ್ತು ತಟ್ಟೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅಮ್ಮನವರೇ ಲೆಕ್ಕ ಹಾಕಿ ಇಟ್ಟ ಹಾಗಿತ್ತು."

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ನಲವತ್ತೆರಡು ವರ್ಷದ ಸಂಸಾರದಲ್ಲಿ ಅದು ಒಂದು ದಿನ ಸದ್ದು ಮಾಡಿದ್ದು ನಾನು ಕೇಳಿಲ್ಲ."

"ಮದುವೆಗೆ ಮುಂಚೆ ಕೇಳಿ ಮುಗಿಸಿದೀನಿ ಅಂತ ನೂರು ಸಲ ಹೇಳಿದೀನಿ."

"ಕೇಳಿ ಮುಗಿದಿದ್ರೆ ತಟ್ಟೆ ಮಾಡಿದ್ರಲ್ಲಿ ಏನು ತಪ್ಪು?"

ಪದ್ಮನಾಭಯ್ಯನವರ ಕೈ ಜೇಬಿಗೆ ಹೋಯಿತು. ಕೋಪದಿಂದ ಊಟ ಬಿಡುವೆನೆಂದರು. ಆದರೆ ಹುರುಳಿಕಾಳಿನ ಬಸ್ಸಾರು ಆಗಿತ್ತು, ಕೋಪದಿಂದಲೇ ಮೂರು ಸಲ ಬಡಿಸಿಕೊಂಡು ಉಂಡು, ಕೈ ತೊಳೆದು, "ವಾಪಸ್ ತರ್ತೀನಿ. ಒಂಬತ್ತನ್ನೂ" ಎಂದು ಚಪ್ಪಲಿ ಮೆಟ್ಟಿದರು.

ಪುಟ್ಟಲಕ್ಷ್ಮಿಯ ಮುಖ ಬಿಳುಪೇರಿತು. "ರೀ, ಕುಂಕುಮ ಇಟ್ಟು ಕೊಟ್ಟ ತಾಂಬೂಲ. ವಾಪಸ್ ಕೇಳಬಾರದು. ಕೊಟ್ಟ ಮನೆಗೂ ಒಳ್ಳೇದಲ್ಲ, ತಗೊಂಡ ಮನೆಗೂ ಒಳ್ಳೇದಲ್ಲ."

"ಎಲೆ ಅಡಿಕೆ ಅವರೇ ಇಟ್ಕೊಳ್ಳಲಿ. ಆಲ್ಬಂ ನನ್ನದು" ಎಂದು ಹೊರಟರು.

ಮೊದಲ ಮನೆ ವಿಜಯಶ್ರೀಯದು. ಪ್ರೌಢಶಾಲೆಯಲ್ಲಿ ಗಣಿತ ಹೇಳುವಾಕೆ. ಬಾಗಿಲಲ್ಲೇ ನಿಂತು, ಒಳಗಿನ ತಟ್ಟೆಯ ನಡುವಿನ ಬಣ್ಣದ ಚೀಟಿ ಗುರುತಿಸಿ, ಪದ್ಮನಾಭಯ್ಯನವರು ಪೀಠಿಕೆಯಿಲ್ಲದೆ ಕೇಳಿದರು: "ವ್ರತದ ದಿನ ನಮ್ಮನೇಲಿ ಕೊಟ್ಟ ತಟ್ಟೆ ವಾಪಸ್ ಬೇಕಾಗಿತ್ತು."

ಆಕೆಯ ಕೈ ತಾಳಿಗೆ ಹೋಯಿತು. "ಯಾಕೆ ಅಂಕಲ್? ಏನಾಯ್ತು?"

"ಏನೂ ಆಗಿಲ್ಲ. ಅದು ಕೊಡೋ ವಸ್ತು ಅಲ್ಲ. ತಪ್ಪಾಗಿ ನಿಮಗೆ ಬಂದಿದೆ."

"ತಪ್ಪಾಗಿ ಅಂದ್ರೆ? ನಾನು ತಾಂಬೂಲ ತಗೊಳ್ಳೋಕೆ ಯೋಗ್ಯಳಲ್ಲ ಅಂತಾನಾ?"

"ಅಯ್ಯೋ, ನಿಮ್ಮ ಯೋಗ್ಯತೆ ವಿಷಯ ಅಲ್ಲಮ್ಮ. ಅದು ವೈಲೆಟ್ ಬಾರ್ಜು. ಎಪ್ಪತ್ತೊಂಬತ್ತರದ್ದು."

ವಿಜಯಶ್ರೀಗೆ ಇದರಲ್ಲಿ ತಿಳಿದದ್ದು ಇಷ್ಟೇ: ತಾಂಬೂಲ ತಿರುಗಿ ಕೇಳುತ್ತಿದ್ದಾರೆ, ಮಾತು ತೊದಲುತ್ತಿದೆ, ಕಣ್ಣು ಕೆಂಪಾಗಿದೆ. "ಅಂಕಲ್, ಆಂಟೀನ ಕರ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದು ಬಾಗಿಲು ಹಾಕಿ, ಫೋನು ಎತ್ತಿದಳು.

ಪದ್ಮನಾಭಯ್ಯನವರು ಎರಡನೆಯ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು: ಪುಟ್ಟಲಕ್ಷ್ಮಮ್ಮನ ವ್ರತದಲ್ಲಿ ಏನೋ ಲೋಪವಾಗಿದೆಯಂತೆ. ಮೂರನೆಯ ಮನೆಗೆ ಬರುವಾಗ ಅದು ಬೆಳೆದಿತ್ತು: ಪುಟ್ಟಲಕ್ಷ್ಮಮ್ಮ ಗಂಡನ ಮನೆ ಬಿಡುತ್ತಿದ್ದಾರಂತೆ, ಆಕೆ ಕೈಯಾರೆ ಕೊಟ್ಟದ್ದನ್ನೆಲ್ಲ ಗಂಡ ಹಿಂದಕ್ಕೆ ತರಿಸುತ್ತಿದ್ದಾನಂತೆ. ನಾಲ್ಕನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಕಿಟಕಿಯಿಂದ ಒಂದು ದನಿ, "ಈ ವಯಸ್ಸಲ್ಲಿ ನಾಚಿಕೆ ಆಗಬೇಕು" ಎಂದಿತು. ಯಾರ ವಯಸ್ಸು, ಯಾವುದರ ನಾಚಿಕೆ ಎಂದು ಪದ್ಮನಾಭಯ್ಯನವರಿಗೆ ಹೊಳೆಯಲಿಲ್ಲ. ಜೇಬಿನ ಪೆನ್ನು ಹಿಡಿದು ಹಿಚುಕಿದರು.

ಆದರೆ ಸುದ್ದಿ ಹೋಗದ ಒಂದು ಮನೆ ಇತ್ತು. ಅದು ಹೇರೋಹಳ್ಳಿಯಲ್ಲಿ. ರಸ್ತೆಯ ಮನೆಗಳಿಗೆಲ್ಲ ಜೋಳದ ರೊಟ್ಟಿ ತಂದುಕೊಡುವ ಹಾಲವ್ವ, ವಿಜಯಪುರದ ಕಡೆಯವಳು. ವ್ರತದ ದಿನ ರೊಟ್ಟಿ ಕೊಡಲು ಬಂದವಳನ್ನು ಪುಟ್ಟಲಕ್ಷ್ಮಿ ಕೂರಿಸಿ ಉಡಿ ತುಂಬಿ ತಟ್ಟೆ ಕೊಟ್ಟಿದ್ದರು. ಪದ್ಮನಾಭಯ್ಯನವರು ಮರುದಿನ ಬಸ್ಸು ಹತ್ತಿ ಹೋದರು. ಮಳೆ ನಿಂತು ಎರಡು ದಿನವಾಗಿದ್ದರೂ ಹೇರೋಹಳ್ಳಿಯ ರಸ್ತೆ ಅದನ್ನು ನಂಬಿರಲಿಲ್ಲ. ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಒಂಟಿ ಚಪ್ಪಲಿಯಲ್ಲಿ ಹಾಲವ್ವನ ಬಾಗಿಲಿಗೆ ನಿಂತರು. ಒಳಗೆ ರೊಟ್ಟಿ ಬಡಿಯುವ ಸದ್ದು ತಾಳ ತಪ್ಪದೆ ಬರುತ್ತಿತ್ತು.

"ಬರ್ರಿ ಅಣ್ಣಾರ, ಕೂಡ್ರಿ. ಅಕ್ಕಾರ ಆರಾಮ ಅದಾರಿಲ್ಲೋ?"

"ಇದ್ದಾರಮ್ಮ. ಆ ತಟ್ಟೆ ಇದೆಯಲ್ಲ, ಅದು ವಾಪಸ್ ಬೇಕಾಗಿತ್ತು."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಲ್ರೀ ಅಣ್ಣಾರ" ಎಂದಳು ಹಾಲವ್ವ, ಹಿಟ್ಟಿನ ಕೈ ಹಾಗೇ ಎತ್ತಿಕೊಂಡು, "ಉಡಿಯೊಳಗ ಹಾಕಿದ್ದು ತಿರಗಿ ಕೇಳಾಕ ಬಂದೀರಿ? ನಮ್ಮ ಕಡೆ ಹಿಂಗ ಕೇಳಿದ್ರ ಊರ ಹಿರ್ಯಾರು ನ್ಯಾಯಾ ಮಾಡಾಕ ಕಟ್ಟಿ ಮ್ಯಾಲ ಕೂಡತಾರ. ನಾ ಏನ್ ತಪ್ಪ ಮಾಡೀನಿ? ರೊಟ್ಟಿ ಸಣ್ಣ ಆದ್ವೇನು?"

"ರೊಟ್ಟಿ ಸರಿಯಾಗಿದೆ. ಅದು ಹಾಡೋ ತಟ್ಟೆ ಕಣಮ್ಮ."

"ಹಾಡತೈತಿ?" ಹಾಲವ್ವ ಅವರ ಒಂಟಿ ಚಪ್ಪಲಿಯನ್ನು ನೋಡಿದಳು, ಮುಖವನ್ನು ನೋಡಿದಳು. ದನಿ ತಗ್ಗಿತು. "ದಿನಾ ಕರ್ಪೂರ ಹಚ್ಚೀನ್ರಿ ಅದರ ಮ್ಯಾಲ. ಒಂದ್ ದಿನಾನೂ ಹಾಡಿಲ್ಲ. ಸ್ವಲ್ಪ ಮಜ್ಜಿಗಿ ಕುಡೀತೀರೇನ್ರಿ? ಮನಿಗೆ ಫೋನ್ ಹಚ್ಚಲಿ?"

ಪೂಜೆಯ ಗೂಡಿನಲ್ಲಿ ತಟ್ಟೆ ಕಾಣುತ್ತಿತ್ತು. ತಾವರೆ, ಕಲ್ಲು, ನಡುವೆ ಊದಬತ್ತಿ. ನಡುವಿನ ಚೀಟಿಯ ಬಣ್ಣದಿಂದ ಗೊತ್ತಾಯಿತು, ಅದು ಕಾಪರ್ ಲ್ಯಾಂಟರ್ನ್ಸ್. ಅಂಚಿನಲ್ಲಿ ಕರ್ಪೂರದ ಬಿಸಿಗೆ ಕಡಲೆಬೀಜದಷ್ಟು ಬೊಬ್ಬೆ ಎದ್ದಿತ್ತು. ಪದ್ಮನಾಭಯ್ಯನವರಿಗೆ ಕೋಪದಲ್ಲಿ ಕಣ್ಣು ತುಂಬಿತು. ಮಜ್ಜಿಗೆ ಕುಡಿಯದೆ ಬಂದರು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಜಗಳವೆಂದರೆ ಕಡಿಮೆಯಾಯಿತು.

"ನನ್ನ ಮಾನ ಬೀದೀಲಿ ಹಾಕಿದ್ರಿ" ಎಂದರು ಪುಟ್ಟಲಕ್ಷ್ಮಿ. "ತರಕಾರಿಯವನು ಕೇಳ್ತಾನೆ, ಅಮ್ಮಾ ನೀವು ಊರಿಗೆ ಹೋಗ್ಬಿಡ್ತೀರಂತಲ್ಲ ಅಂತ. ಅರ್ಧ ಕೆಜಿ ಬೀನ್ಸು ದುಃಖಕ್ಕೆ ಸುಮ್ಮನೆ ಕೊಟ್ಟ."

"ನನ್ನ ಯೌವನಾನ ತೂತು ನೋಡಿ ಊದಬತ್ತಿಗೆ ಚುಚ್ಚಿದವಳು ನೀನು."

"ಆ ಯೌವನಕ್ಕೆ ಧೂಳು ಒರೆಸಿದ್ದು ಯಾರು? ನೀವಾ?"

ಈ ಹಂತದಲ್ಲಿ ಶಂಭುಲಿಂಗಪ್ಪನವರು ಸಂಘದ ನಡಾವಳಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಹಿಂದೆ ಅಕ್ಕಯ್ಯಮ್ಮ, ಎಂಬತ್ತರ ಮುತ್ತೈದೆ, ರಸ್ತೆಯಲ್ಲಿ ಯಾರ ಮನೆಯ ಹಸೆಮಣೆಯಾದರೂ ಆಕೆಯನ್ನು ಕೇಳಿಯೇ ಇಡುವುದು. ಅವರ ಹಿಂದೆ ವಿಜಯಶ್ರೀ ಮತ್ತು ಉಳಿದವರು. ವಿಜಯಶ್ರೀ ಫೋನು ಮಾಡಿದ್ದರಿಂದ ರೊಟ್ಟಿ ಡಬ್ಬಿಯೊಂದಿಗೆ ಹಾಲವ್ವನೂ.

ಶಂಭುಲಿಂಗಪ್ಪನವರು ಕನ್ನಡಕ ಏರಿಸಿ ಓದಿದರು: "ನಮ್ಮ ರಸ್ತೆಯ ಗೌರವಾನ್ವಿತ ದಂಪತಿಗಳು ಬೇರೆಯಾಗುವುದು ಸಂಘಕ್ಕೆ ಸಮ್ಮತವಿಲ್ಲ. ಕಾರಣ, ಮರುಚಿಂತನೆ ಮಾಡಬೇಕಾಗಿ..."

"ಯಾರ್ರೀ ಬೇರೆ ಆಗ್ತಿರೋದು?" ಎಂದರು ಗಂಡ ಹೆಂಡತಿ ಒಟ್ಟಿಗೆ.

"ಬೇರೆ ಆಗ್ತಿಲ್ಲ ಅಂದ್ರೆ ಈ ಕೂಗಾಟ ಯಾಕೆ?"

"ಬೇರೆ ಆಗೋರು ಯಾಕ್ರೀ ಕೂಗಾಡ್ತಾರೆ? ಒಟ್ಟಿಗೆ ಇರಬೇಕಲ್ಲ, ಅದಕ್ಕೇ ಕೂಗಾಡ್ತಿರೋದು" ಎಂದರು ಪುಟ್ಟಲಕ್ಷ್ಮಿ.

ಇದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಶಂಭುಲಿಂಗಪ್ಪನವರು ಪೆನ್ನಿನ ಕ್ಯಾಪು ಹಾಕಿದರು. ಪದ್ಮನಾಭಯ್ಯನವರು ಆಗ ಎಲ್ಲ ಹೇಳಿದರು: ಭಾನುವಾರ, ಒಂಬತ್ತು ಆಲ್ಬಂ, ಒಂದು ಮಗ್ಗುಲಿಗೆ ತಾವರೆ ಬರೆದರೂ ಇನ್ನೊಂದು ಮಗ್ಗುಲು ಹಾಡುತ್ತದೆ ಎಂಬುದು. ನಡುವಿನ ಸುಳ್ಳೊಂದನ್ನು ಮಾತ್ರ ಹೇಳಲಿಲ್ಲ.

ಹೆಂಗಸರ ಕೋಪ ಇಳಿಯುವ ಬದಲು ಏರಿತು. "ಹಾಡು ಕೇಳೋಕೆ ತಾಂಬೂಲ ವಾಪಸ್ ಕೇಳಿದ್ರಾ?" ಎಂದಳು ವಿಜಯಶ್ರೀ. "ನಾನು ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ. ನಮ್ಮ ಯಜಮಾನರಿಗೆ ಬಿಪಿ ಚೆಕ್ ಮಾಡಿಸಿದೀನಿ."

ಅಕ್ಕಯ್ಯಮ್ಮ ಕೋಲು ಕುಟ್ಟಿದರು. "ಕೇಳಿ ಇಲ್ಲಿ. ಕೊಟ್ಟ ತಾಂಬೂಲ ಕೊಟ್ಟದ್ದೇ. ಒಂದೂ ವಾಪಸ್ ಬರಲ್ಲ. ಆದ್ರೆ ಮುತ್ತೈದೆ ತನ್ನ ತಟ್ಟೆ ತಾನು ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗಬಹುದು. ನಾವೇ ತರ್ತೀವಿ. ಹಾಡಿಸಿಕೊಂಡು ನಾವೇ ವಾಪಸ್ ಒಯ್ತೀವಿ. ಅದೂ ಸುಮ್ಮನೆ ಬರಲ್ಲ. ಅರಿಶಿನ ಕುಂಕುಮಕ್ಕೆ ಕರೆಯೋ ಹಾಗೆ, ನೀವಿಬ್ಬರೂ ಮನೆ ಮನೆಗೆ ಬಂದು ಕರೀಬೇಕು. ಆಡಿದ ಮಾತಿಗೆ ಅದೇ ಪ್ರಾಯಶ್ಚಿತ್ತ."

ಹೀಗಾಗಿ ಬುಧವಾರದಿಂದ ಶನಿವಾರದವರೆಗೆ ಆ ರಸ್ತೆ ಹಿಂದೆಂದೂ ಕಾಣದ್ದನ್ನು ಕಂಡಿತು. ಪುಟ್ಟಲಕ್ಷ್ಮಿ ರೇಷ್ಮೆ ಸೀರೆಯುಟ್ಟು, ಕುಂಕುಮದ ಭರಣಿ ಹಿಡಿದು, ಗಂಡನ ಮುಖ ನೋಡದೆ ಮುಂದೆ ನಡೆದರು. ಹಿಂದೆ ಪದ್ಮನಾಭಯ್ಯನವರು, ಹೊಸ ಚಪ್ಪಲಿ. ಬಾಗಿಲು ತೆರೆದ ಮೇಲೆ ಹೆಂಡತಿ ಕುಂಕುಮ ಇಡುವುದು, ಗಂಡ ಹಲ್ಲು ಕಚ್ಚಿಕೊಂಡು ಹೇಳುವುದು: "ಭಾನುವಾರ ಹತ್ತು ಗಂಟೆಗೆ ವಿಜಯನಗರದಲ್ಲಿ ಎಪ್ಪತ್ತರ ದಶಕದ ರಾಕ್ ಸಂಗೀತ ಇದೆ. ಮನೆಯವರೆಲ್ಲ ಬಂದು ನಡೆಸಿಕೊಡಬೇಕು." ಹೇರೋಹಳ್ಳಿಗೂ ಹೋದರು. ಹಾಲವ್ವ ಈ ಸಲ ಮಜ್ಜಿಗೆ ಕುಡಿಸದೆ ಬಿಡಲಿಲ್ಲ. ಹೊರಗೆ ಬಂದಾಗ ಪುಟ್ಟಲಕ್ಷ್ಮಿ ನಾಲ್ಕು ದಿನದಲ್ಲಿ ಮೊದಲ ಸಲ ಗಂಡನೊಡನೆ ಮಾತಾಡಿದರು: "ಕೆಸರು ಇದೆ, ನೋಡಿಕೊಂಡು ಕಾಲಿಡಿ." ಅದೂ ಕೋಪದಲ್ಲೇ.

ಭಾನುವಾರ ಹತ್ತು ಗಂಟೆಗೆ ಸ್ಮೃತಿಯ ಕಾಫಿ ಅಂಗಡಿ ತುಂಬಿತ್ತು. ಮುಂದಿನ ಎರಡು ಸಾಲಿನಲ್ಲಿ ಒಂಬತ್ತು ರೇಷ್ಮೆ ಸೀರೆ, ಒಂಬತ್ತು ಮಲ್ಲಿಗೆ ದಂಡೆ, ಒಂಬತ್ತು ಮಡಿಲಲ್ಲಿ ಒಂಬತ್ತು ಆರತಿ ತಟ್ಟೆ. ನಡುವೆ ಶಂಭುಲಿಂಗಪ್ಪನವರು. ಹಿಂದೆ ಗಡ್ಡದ ಹುಡುಗರು, ಪಿಜಿಯವರೂ ಇದ್ದರು. ಯಾವುದೋ ಸಮಾರಂಭಕ್ಕೆ ತಪ್ಪಿ ಬಂದೆವೆಂದು ಪೋಸ್ಟರ್ ತೆಗೆದು ತೆಗೆದು ನೋಡುತ್ತಿದ್ದರು.

ಹಾಲವ್ವನಿಗೆ ಹನ್ನೊಂದಕ್ಕೆ ರೊಟ್ಟಿ ಮುಟ್ಟಿಸಬೇಕಿದ್ದರಿಂದ ಮೊದಲ ಪಾಳಿ ಅವಳದು. ತಟ್ಟೆ ನೋಡಿ ಸ್ಮೃತಿ ಒಂದು ಕ್ಷಣ ತಲೆ ಹಿಡಿದುಕೊಂಡು ಕುಳಿತಳು. ಆಮೇಲೆ ಕುಂಕುಮ ಒರೆಸಿ, ತಾವರೆ ಕೆಳಗೆ ಮಾಡಿ ಚಕ್ರದ ಮೇಲಿಟ್ಟಳು. ಅವಳ ಯಂತ್ರ ಸಣ್ಣದು, ಚಕ್ರವೂ ಸಣ್ಣದು; ಅಂಚಿನ ಕುಂದನ್ ಕಲ್ಲುಗಳೆಲ್ಲ ಹೊರಗೆ ಉಳಿದವು. ತಿರುಗತೊಡಗಿದಾಗ ಕಲ್ಲುಗಳ ಬೆಳಕು ಗೋಡೆಯ ಮೇಲೆಲ್ಲ ಸುತ್ತಿತು. ಅಕ್ಕಯ್ಯಮ್ಮ ಕೈ ಮುಗಿದರು. ಅವರನ್ನು ನೋಡಿ ಉಳಿದವರೂ ಮುಗಿದರು.

ಪದ್ಮನಾಭಯ್ಯನವರು ಕಣ್ಣು ಮುಚ್ಚಿದರು. ನಲವತ್ತೇಳು ವರ್ಷ. ಅಪ್ಪನ ತಾಳ, ಸೈಕಲ್, ದಂಡಿನ ಫುಟ್‌ಪಾತು ಎಲ್ಲ ಒಮ್ಮೆ ಬಂದು ಹೋದವು. ಮುಳ್ಳು ಇಳಿಯಿತು. ಚರಚರ ಸದ್ದು, ಕರ್ಪೂರದ ಬೊಬ್ಬೆಯ ಮೇಲೆ ಒಂದು ನೆಗೆತ. ಡ್ರಮ್ಮು. ಗಿಟಾರು. ಒಬ್ಬ ಗಂಡಸು ಗಂಟಲು ಹರಿದುಕೊಂಡು ಶುರುಮಾಡಿದ. 'ಗಿವ್ ಮೈ ಕೋಟ್ ಟು ದ ರಿವರ್.' ನನ್ನ ಕೋಟನ್ನು ಹೊಳೆಗೆ ಕೊಟ್ಟುಬಿಡಿ ಎಂಬ ಹಾಡು. ಪದ್ಮನಾಭಯ್ಯನವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ್ದು ಇದನ್ನು, ಮಕ್ಕಳನ್ನು ಹೆಗಲ ಮೇಲೆ ಮಲಗಿಸಿದ್ದು ಇದನ್ನು ಹಾಡಿ, ತಂದೆ ತೀರಿಕೊಂಡ ವರ್ಷ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದೂ ಇದನ್ನೇ ಹಾಡಿ.

ಅದನ್ನು ಆ ಮನುಷ್ಯ ಓಡೋಡಿಕೊಂಡು ಹಾಡುತ್ತಿದ್ದ. ಬಸ್ಸು ತಪ್ಪುವವನ ಹಾಗೆ. 'ಹೊಳೆ' ಎಂಬಲ್ಲಿ ದನಿ ಇಳಿಯಬೇಕು, ಏರಿಸಿದ. 'ಕೋಟು' ಎಂಬಲ್ಲಿ ನಿಲ್ಲಬೇಕು, ನಿಲ್ಲಲಿಲ್ಲ.

ಪದ್ಮನಾಭಯ್ಯನವರ ಕೈ ಜೇಬಿಗೆ ಹೋಯಿತು.

"ನಿಲ್ಲಿಸಮ್ಮ" ಎಂದರು.

ಸ್ಮೃತಿ ಗಾಬರಿಯಿಂದ ಮುಳ್ಳು ಎತ್ತಿದಳು. "ಏನಾಯ್ತು ಅಂಕಲ್?"

"ತಪ್ಪು. ಪೂರ್ತಿ ತಪ್ಪು. ಯಾರ್ರೀ ಇವನು? ಹಾಡು ಕೊಟ್ಟರೆ ಹೀಗಾ ಹಾಡೋದು? ಇದು ಹೊಳೆ ದಡದಲ್ಲಿ ನಿಂತವನ ಹಾಡು. ಇವನು ಮೆಜೆಸ್ಟಿಕ್ಕಲ್ಲಿ ಜೇಬು ಕತ್ತರಿಸಿದವನ ಹಿಂದೆ ಓಡ್ತಿರೋ ಹಾಗೆ ಕೂಗ್ತಿದಾನೆ. ನಲವತ್ತೇಳು ವರ್ಷದಿಂದ ಹೀಗೇ ಹಾಡ್ತಿದಾನಾ? ಯಾರೂ ಹೇಳೋರಿಲ್ವಾ ಅವನಿಗೆ?"

ಶಂಭುಲಿಂಗಪ್ಪನವರು ನಿಧಾನವಾಗಿ ಎದ್ದರು. ಜೀವಮಾನದಲ್ಲಿ ಒಮ್ಮೆ ಬರುವ ಗಳಿಗೆಯನ್ನು ಅವರು ಗುರುತಿಸಿದ್ದರು.

"ಅಂದ್ರೆ, ಪದ್ಮನಾಭ ಅವರೇ, ನೂರಾರು ಸಲ ಕೇಳಿದ ಹಾಡು ನಿಮಗೆ ಇವತ್ತು ತಪ್ಪು ಅಂತ ಗೊತ್ತಾಯ್ತಾ? ಅಥವಾ ಇವತ್ತೇ ಮೊದಲನೇ ಸಲ ಕೇಳಿದ್ದಾ?"

ಪದ್ಮನಾಭಯ್ಯನವರಿಗೆ ಆಗ ಅರಿವಾಯಿತು. ಆದರೆ ಕೋಪದ ಒಂದು ಗುಣವೆಂದರೆ ಅದು ಅರಿವಿಗಿಂತ ಎರಡು ಹೆಜ್ಜೆ ಮುಂದಿರುತ್ತದೆ.

"ಹೌದ್ರೀ, ಇವತ್ತೇ ಮೊದಲು. ನಮ್ಮಪ್ಪನ ಮನೇಲಿ ಯಂತ್ರ ಇರಲಿಲ್ಲ. ಅದಕ್ಕೇನೀಗ? ತಪ್ಪು ತಪ್ಪೇ. ಹೇಗೆ ಹಾಡಬೇಕು ನಾನು ಹಾಡ್ತೀನಿ, ಕೇಳಿ" ಎಂದು, ಕೆಂಪು ಪೆನ್ನನ್ನು ಮೇಜಿಗೆ ಕುಟ್ಟಿ ತಾಳ ಹಿಡಿದು, ಮುಖ ಗಂಟಿಕ್ಕಿಕೊಂಡು ಹಾಡಿದರು. ನಿಧಾನವಾಗಿ. ಕೋಟು ಎಂಬಲ್ಲಿ ನಿಂತು, ಹೊಳೆ ಎಂಬಲ್ಲಿ ಇಳಿದು. ಬಿನ್ನಿಪೇಟೆಯ ಶನಿವಾರದ ಧಾಟಿಯಲ್ಲಿ.

ಎರಡನೆಯ ಸಾಲಿಗೆ ಅಕ್ಕಯ್ಯಮ್ಮ ತಲೆ ಎತ್ತಿದರು. "ಇದು ಪುಟ್ಟಲಕ್ಷ್ಮಿ ವ್ರತದ ದಿನ ಹಾಡಿದ ಆರತಿ ಧಾಟಿ ಅಲ್ವಾ?"

ಎಲ್ಲರೂ ಪುಟ್ಟಲಕ್ಷ್ಮಿಯತ್ತ ತಿರುಗಿದರು. ಆಕೆ ಗಂಡನನ್ನು ನೋಡುತ್ತಿದ್ದರು. ನಲವತ್ತೆರಡು ವರ್ಷ ಬಚ್ಚಲ ಬಾಗಿಲಿನಾಚೆಯಿಂದ ಕೇಳಿ ಕೇಳಿ, ಚೆನ್ನಾಗಿದೆಯೆಂದು ದೇವರ ಪದಕ್ಕೆ ಹೊಂದಿಸಿಕೊಂಡ ಧಾಟಿ ಅದು. ಆ ಧಾಟಿ ಯಾರ ಆಲ್ಬಮ್ಮಿನಲ್ಲೂ ಇರಲಿಲ್ಲ, ಅದು ಈ ಮನುಷ್ಯನೇ ಕಟ್ಟಿದ್ದು ಎಂಬುದು ಆಕೆಗೂ ಈಗಷ್ಟೇ ತಿಳಿಯಿತು. ಎದ್ದು ನಿಂತರು.

"ಶಂಭುಲಿಂಗಪ್ಪನವರೇ, ಕೂತ್ಕೊಳ್ಳಿ. ಇವರು ಹೇಳೋದು ಸರಿ. ಆ ಹಾಡು ಇರೋದೇ ಹೀಗೆ. ನಾನು ಮದುವೆಯಾದಾಗಿನಿಂದ ಕೇಳ್ತಿದೀನಿ. ಆ ಪ್ಲೇಟಿನವನೇ ಎಲ್ಲೋ ಕೇಳಿ ಅರ್ಧಂಬರ್ಧ ಕಲಿತಿದಾನೆ."

"ಹೌದ್ರಿ ಮತ್ತ" ಎಂದಳು ಹಾಲವ್ವ, "ಅವಂಗ ತಾಳನೂ ಗೊತ್ತಿಲ್ಲ. ರೊಟ್ಟಿ ಬಡ್ಯಾಕ ಕುಂತ್ರ ಹಂಚು ಒಡೀತಾನ."

ಪುಟ್ಟಲಕ್ಷ್ಮಿ ತಮ್ಮ ಆರತಿಯ ಪದಗಳನ್ನು ಎತ್ತಿಕೊಂಡರು. ಗಂಡ ಇಂಗ್ಲಿಷಿನಲ್ಲಿ, ಹೆಂಡತಿ ಕನ್ನಡದಲ್ಲಿ, ಧಾಟಿ ಒಂದೇ. ಎಂಟು ದನಿ ಸೇರಿತು, ಒಂಬತ್ತಾಯಿತು. ಹಿಂದಿನ ಗಡ್ಡದ ಹುಡುಗರು ಚಪ್ಪಾಳೆ ಹಿಡಿದರು. ಒಬ್ಬ ಪಕ್ಕದವನಿಗೆ, "ಮಗಾ, ಒರಿಜಿನಲ್‌ಗಿಂತ ಇದೇ ಸೂಪರ್" ಎಂದ. ಶಂಭುಲಿಂಗಪ್ಪನವರ ಬಾಯಿ ಬಿಗಿದೇ ಇತ್ತು. ನಡಾವಳಿ ಪುಸ್ತಕದ ಮೇಲೆ ಬೆರಳು ಮಾತ್ರ ತಾಳ ಹಾಕುತ್ತಿತ್ತು.

ಮುಗಿದ ಮೇಲೆ ಹಾಲವ್ವ ತಟ್ಟೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಡಬ್ಬಿಯ ಮೇಲಿಟ್ಟಳು. ಮುಂದಿನದು ಹಾಕಬೇಕೋ ಬೇಡವೋ ತಿಳಿಯದೆ ಸ್ಮೃತಿ ನಿಂತಿದ್ದಳು. ವಿಜಯಶ್ರೀ ತನ್ನ ಮಡಿಲಿನ ವೈಲೆಟ್ ಬಾರ್ಜನ್ನು ಚಾಚಿದಳು.

ಪುಟ್ಟಲಕ್ಷ್ಮಿ ಗಂಡನ ಪಕ್ಕದ ಕುರ್ಚಿಗೆ ಬಂದು ಕುಳಿತರು. "ಇದನ್ನೂ ತಪ್ಪಾಗೇ ಹಾಡಿರ್ತಾನೆ ಅಂತೀರಾ?"

"ಇವನೂ ಅವನ ಹಾಗೇ ಇರ್ತಾನೆ" ಎಂದರು ಪದ್ಮನಾಭಯ್ಯನವರು. ಮುಖದ ಗಂಟು ಸಡಿಲವಾಗಿರಲಿಲ್ಲ. ಕೆಂಪು ಪೆನ್ನಿನ ಕ್ಯಾಪು ತೆಗೆದರು. "ಹಾಕಮ್ಮ. ಇನ್ನೂ ಎಂಟು ಇದೆ. ತಿದ್ದಿಯೇ ಏಳೋಣ."